ಮಹಡಿಮನೆಯ ರೀಮಿಕ್ಸ್ ಮಹಾಶಯ

ಕೂಸು ಕಣ್ಣು ಮುಚ್ಚಿದರೆ ಸಾಕು, ಮಹಡಿಮನೆಯ ಢಬಢಬ ಯಾವ ಗಳಿಗೆಯಲ್ಲಿ ಶುರುವಾದೀತೋ ಎಂದು ಕೆಳಗಿನ ಮನೆಯ ತಾಯಿ ಚಾವಣಿಯನ್ನೇ ನೋಡುತ್ತಿದ್ದಳು. ಅಲ್ಲಿನ ರೀಮಿಕ್ಸ್ ಮಹಾಶಯನಿಗೆ ವಾರಕ್ಕೊಂದು ಬ್ರೇಕ್‌ಬೀಟ್, ಡ್ರಮ್ಮಿನ ತಾಳ ಕತ್ತರಿಸಿ ಜೋಡಿಸಿದ ಹಾಡು, ಬಿಡುಗಡೆಯಾಗಲೇಬೇಕು. ಕುಕ್ಕರ್ ಕೂಗಿದರೂ ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಕಿರುಗುಟ್ಟುವ ಗೇಟಿಗೆ ಯಾರಿಗೂ ಎಣ್ಣೆ ಬಿಡಗೊಡುವುದಿಲ್ಲ, ಆ ಸದ್ದೂ ಹಾಡಿಗೆ ಬೇಕಂತೆ. ಮೆಟ್ಟಿಲಲ್ಲಿ ಸಿಕ್ಕರೆ, "ಅಕ್ಕಾ, ಇದೇ ಫೈನಲ್ ಮಿಕ್ಸ್!" ಮರುದಿನ ಇನ್ನೊಂದು ಫೈನಲ್. "ಎಷ್ಟು ಫೈನಲ್ಲೋ ಮಾರಾಯ?" ಎಂದರೆ ಹಲ್ಲು ಕಿರಿಯುತ್ತಾನೆ. ಒಂದು ಮಧ್ಯಾಹ್ನ, ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಢಬಢಬ ಶುರುವಾಗುವ ಮೊದಲೇ ಬೈದೇ ತೀರುತ್ತೇನೆಂದು ಹತ್ತಿಹೋದಳು. ಬಾಗಿಲು ತೆರೆದಿತ್ತು. ಅವನು ಹೆಡ್‌ಫೋನ್ ಹಾಕಿಕೊಂಡು, ಬರಿಗಾಲಲ್ಲಿ, ಸದ್ದಿಲ್ಲದೆ ಕುಣಿಯುತ್ತಿದ್ದ. ಸ್ಪೀಕರಿಗೆ ಅಂಟಿಸಿದ ಚೀಟಿಯಲ್ಲಿ ಪಾಪು ಮಲಗುವ, ಏಳುವ ಹೊತ್ತುಗಳಿದ್ದವು, ದಿನದಿನವೂ ತಿದ್ದಿ ಬರೆದಂಥವು. ಅವಳು ಮೆಲ್ಲನೆ ಇಳಿದುಬಂದಳು. ಸಂಜೆ ತಾನಾಗಿಯೇ ಫೋನ್ ಮಾಡಿದಳು: "ಪಾಪು ಎದ್ದಾಯ್ತು ಕಣೋ, ಸ್ಪೀಕರ್ ಹಾಕ್ಕೋ."