ಹಾಳೆ ತಿರುಗಿಸಲು ಮಲ್ಲೇಶ್ವರಕ್ಕೆ

ಶನಿವಾರ ಮಧ್ಯಾಹ್ನ ಮೂರಕ್ಕೆ ಎನ್.ಆರ್. ಕಾಲೋನಿಯಲ್ಲಿ ಬಸ್ಸು ಹತ್ತಿದಾಗಲೇ ನನ್ನ ಅಂಗೈ ಬೆವರುತ್ತಿತ್ತು. ಮೆಜೆಸ್ಟಿಕ್‌ವರೆಗೆ ಇಬ್ಬರಿಗೆ ನಾಲ್ಕಾಣೆ. ಅಲ್ಲಿಂದ ಇನ್ನೊಂದು ಬಸ್ಸು. ಮೋಡವಿತ್ತು, ಮಳೆಯಿಲ್ಲ.

ನನ್ನ ಪಿಯಾನೋ ಟೀಚರ್ ಜ್ವರದಿಂದ ಮಲಗಿದ್ದರು. ಸಂಜೆ ಮಲ್ಲೇಶ್ವರದ ಶಾಲೆಯೊಂದರಲ್ಲಿ ನುಡಿಸಲಿದ್ದ ವಿದೇಶಿ ಪಿಯಾನೋ ವಾದಕರೊಬ್ಬರ ಪಕ್ಕ ನಿಂತು ಸ್ವರಲಿಪಿಯ ಹಾಳೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಲಿಪಿಯನ್ನು ನಾನಿನ್ನೂ ಬೆರಳಿಟ್ಟು ಓದುವವಳು. ಆದರೆ ನನಗೆ ಅಚ್ಚುಮೆಚ್ಚಿನ ಆ ವಾದಕರು ಸಂಜೆಯ ಕೃತಿಯನ್ನೇ ನುಡಿಸಿದ್ದ ಗ್ರಾಮಫೋನ್ ಪ್ಲೇಟು ಮನೆಯಲ್ಲಿತ್ತು. ವಾರವಿಡೀ ಅದನ್ನು ಹಾಕಿಕೊಂಡು, ಟೀಚರ್ ಕೊಟ್ಟ ಹಾಳೆಗಳನ್ನು ಮುಂದಿಟ್ಟುಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ, ಯಾವ ಎಣಿಕೆಗೆ ಯಾವ ಹಾಳೆ ಮುಗಿಯುತ್ತದೆಂದು ಬಾಯಿಪಾಠ ಮಾಡಿದ್ದೆ.

ಜೊತೆಗೆ ಬಂದ ಸೋದರತ್ತೆ ಚಾಮರಾಜಪೇಟೆ ದಾಟುವಾಗ ಕೇಳಿದರು: “ಸಮುದ್ರ ದಾಟಿ ಬಂದೋರಿಗೆ ಒಂದು ಹಾಳೆ ತಿರುಗ್ಸಕ್ಕೆ ಬರಲ್ವೇನೇ?”

“ಎರಡು ಕೈಗೂ ಪುರುಸೊತ್ತಿರಲ್ಲ ಅತ್ತೆ. ನಾನು ತಪ್ಪಿದ್ರೆ ಕಛೇರಿ ಅರ್ಧಕ್ಕೆ ನಿಂತೋಗತ್ತೆ.”

“ಹಾಗಾದ್ರೆ ಮೊದ್ಲು ಇದನ್ನ ತಿನ್ನು. ಹಸಿದ್ಕೊಂಡು ಅವರ ಮೇಲೇ ಬಿದ್ದುಬಿಟ್ಟೀಯ!” ಎಂದು ಕೋಡುಬಳೆಯ ಪೊಟ್ಟಣ ಬಿಚ್ಚಿದರು. ನಾನು ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಎಣಿಸತೊಡಗಿದೆ.

ಐದೂವರೆಗೆ ಶಾಲೆಯ ವೇದಿಕೆಯಲ್ಲಿ ವಾದಕರು ನುಡಿಸತೊಡಗಿದರು. ಪ್ಲೇಟಿನ ಮುಳ್ಳಿನ ಕರಕರದ ಹಿಂದೆ ಕೇಳಿದ್ದ ಕೈಗಳು ಈಗ ಮೊಳದಷ್ಟು ದೂರದಲ್ಲಿದ್ದವು. ಎಡಗೈ ಮಂದ್ರದಿಂದ ಓಡಿಬಂದು ಬಲಗೈಯನ್ನು ದಾಟಿ, ಕಣ್ಣಿಗೆ ಸಿಕ್ಕದಷ್ಟು ಬೇಗ ಹಿಂದಿರುಗುತ್ತಿತ್ತು. ನೋಡುತ್ತ ನಿಂತರೆ ಎಣಿಕೆ ತಪ್ಪೀತೆಂದು ಕಣ್ಣು ತಗ್ಗಿಸಿದೆ. ಎರಡು ಹಾಳೆ ಸರಿಯಾಗಿ ಹೋದವು. ಮೂರನೆಯದನ್ನು ತಿರುಗಿಸಿದೆ, ಕೇಳಿದರೆ ಅವರು ನುಡಿಸುತ್ತಿದ್ದದ್ದು ಮತ್ತೆ ಮೊದಲ ಸಾಲು! ಅಷ್ಟು ಭಾಗವನ್ನು ಎರಡು ಸಲ ನುಡಿಸಬೇಕಿತ್ತು. ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸಲು ಎರಡನೆಯ ಸಲದ್ದನ್ನು ಕೈಬಿಟ್ಟಿದ್ದರೆಂದು ನನಗೆ ಹೇಗೆ ಗೊತ್ತಾಗಬೇಕು? ಅವರ ಮುಂದೆ ಬೇರೆಯೇ ಹಾಳೆ ತೆರೆದಿತ್ತು. ಹಿಂದಕ್ಕೆ ಮಗುಚಲು ಕೈ ಏಳಲಿಲ್ಲ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಆ ಭಾಗವನ್ನು ಇನ್ನೊಮ್ಮೆ ನುಡಿಸುತ್ತಲೇ ನಾನು ತೆರೆದಿದ್ದ ಹಾಳೆಗೆ ಬಂದು ಸೇರಿದರು. ಅಲ್ಲಿಂದಾಚೆ ಅವರು ತಲೆಯಾಡಿಸಿದಾಗ ಮಾತ್ರ ತಿರುಗಿಸಿದೆ.

ಮುಗಿದ ಮೇಲೆ ತೊದಲುತ್ತ ಕ್ಷಮೆ ಕೇಳಿದೆ. ಎಲ್ಲವೂ ತಮಗೆ ಕಂಠಪಾಠವೆಂದೂ, ಹಿಂದೊಮ್ಮೆ ನಡುವೆ ಎಲ್ಲ ಮರೆತು ಕೂತಿದ್ದರಿಂದ ಹಾಳೆಯೂ ಪಕ್ಕದಲ್ಲೊಬ್ಬರೂ ಇಲ್ಲದೆ ವೇದಿಕೆ ಹತ್ತುವುದಿಲ್ಲವೆಂದೂ ಹೇಳಿ ಕೈ ಚಾಚಿದರು. ಆ ಕೈ ನನ್ನದಕ್ಕಿಂತ ತಣ್ಣಗಿತ್ತು.

ವಾಪಸು ಬಸ್ಸಿನಲ್ಲಿ ಅತ್ತೆ, “ಏನಂದ್ರೇ?” ಎಂದರು.

“ಅವರಿಗೂ ಭಯವಂತೆ ಅತ್ತೆ.”

ಅತ್ತೆ ಕತ್ತು ಹೊರಳಿಸಿ ಶಾಲೆಯ ಕಡೆ ನೋಡಿದರು. “ಪಾಪ, ಅವರಿಗೂ ಎರಡು ಕೋಡುಬಳೆ ಕೊಡ್ಬೇಕಿತ್ತು ಕಣೇ.”