ಬೋರ್ಡ್ ಹಾಕಿದವನೇ ತೆಗೆಯಬೇಕು

ನಮ್ಮ ಮನೆಯವರಿಗೆ ಸ್ಟ್ರೋಕ್ ಆದಾಗ ಕಾಲು ಬೇಗ ಸರಿಹೋಯಿತು, ತೊದಲುತ್ತಿದ್ದ ಮಾತೂ ನೆಟ್ಟಗಾಯಿತು. ಬಲಗೈ ಬೆರಳುಗಳು ಮಾತ್ರ ಹಟ ಹಿಡಿದು ಕೂತವು. ಮುದ್ದೆ ಮುರಿಯುವುದಕ್ಕೆ ಬೆರಳು ಎಷ್ಟು ಬೇಕು ಅನ್ನುವುದು ನನಗೆ ಆಗಲೇ ಗೊತ್ತಾಗಿದ್ದು. ಬಿಸಿ ಮುದ್ದೆಯ ಅಂಚು ಹಿಡಿಯಬೇಕು, ಮುರಿಯಬೇಕು, ಹೊರಳಿಸಬೇಕು, ಸಾರಿನಲ್ಲಿ ಅದ್ದಿ ಜಾರದ ಹಾಗೆ ಬಾಯಿಗೆ ತರಬೇಕು. ಎಡಗೈಯಲ್ಲಿ ತಿನ್ನಿ ಅಂದರೆ ಮುಖ ತಿರುಗಿಸಿಬಿಡುತ್ತಿದ್ದರು. ಚಮಚ ಕೊಟ್ಟರೆ, "ಮುದ್ದೇನ ಚಮಚದಲ್ಲಿ ತಿಂತಾರೇನೇ?" ಎನ್ನುತ್ತಿದ್ದರು. ಹಾಗಾಗಿ ನಾನೇ ತಿನ್ನಿಸುತ್ತಿದ್ದೆ. ಅವರದು ಮುಗಿದು ನಾನು ಕೂರುವ ಹೊತ್ತಿಗೆ ನನ್ನ ಮುದ್ದೆ ಆರಿ ಗಟ್ಟಿಯಾಗಿರುತ್ತಿತ್ತು. ಅದನ್ನು ಬಿಸಿ ಮಾಡಿಕೊಳ್ಳುವ ಮನಸ್ಸೂ ಇರುತ್ತಿರಲಿಲ್ಲ.

ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ ನನಗೊಬ್ಬಳಿಗೇ ಹೇಳಿದ್ದಳು: "ಆಂಟಿ, ಈಗಿನ ತಿಂಗಳುಗಳೇ ಮುಖ್ಯ. ಕೈಗೆ ಕೆಲಸ ಕೊಡ್ಲಿಲ್ಲ ಅಂದ್ರೆ ಹಂಗೇ ಬಿಗಿದುಕೊಂಡುಬಿಡುತ್ತೆ. ಆಮೇಲೆ ನಾವೂ ಏನೂ ಮಾಡಕ್ಕಾಗಲ್ಲ." ರಬ್ಬರ್ ಚೆಂಡು ತಂದುಕೊಟ್ಟಳು, ಅದು ಸೋಫಾದ ಕೆಳಗೆ ಹೋಯಿತು. ಅವರೆಕಾಳು ಆರಿಸಲು ಕೂರಿಸಿದೆ. ಮೊರವನ್ನೇ ಎಡಗೈಯಿಂದ ಪಕ್ಕಕ್ಕೆ ತಳ್ಳಿದರು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡಿಕೊಂಡೇ ತಲೆ ನರೆತ ಮನುಷ್ಯ ಅವರು. ಕೆಟ್ಟ ಯಂತ್ರ ಕೊಟ್ಟರೆ ಊಟ ಬಿಟ್ಟು ಕೂರುತ್ತಿದ್ದರು. ಸುಮ್ಮನೆ ಚೆಂಡು ಹಿಸುಕು ಅಂದರೆ ಯಾಕೆ ಹಿಸುಕಬೇಕು ಅನ್ನುವುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಮಗಳಿಗೆ ಕೆಲಸ ಇರುವುದು ದೊಡ್ಡನೆಕ್ಕುಂದಿ ಕಡೆ, ಕಂಪ್ಯೂಟರ್ ಗೇಮ್ ಮಾಡುವ ಒಂದು ಸಣ್ಣ ಆಫೀಸಿನಲ್ಲಿ. ಗೇಮ್ ಆಡಿ ಆಡಿ ಅದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ವಾರವೆಲ್ಲ ಅಲ್ಲೇ ಪೀಜಿಯಲ್ಲಿದ್ದು ಶನಿವಾರ ಹೆಬ್ಬಗೋಡಿಗೆ ಬರುತ್ತಾಳೆ. ಹಾಗೆ ಬಂದವಳು ಒಂದು ಹಳೆಯ ಲ್ಯಾಪ್‌ಟಾಪನ್ನೂ ಮೌಸನ್ನೂ ತಂದು ಅವರ ಮುಂದಿಟ್ಟಳು.

"ಅಪ್ಪ, ಇದು ನಮ್ಮ ಆಫೀಸಲ್ಲೇ ಮಾಡ್ತಿರೋ ಆಟ. ಇದ್ರಲ್ಲಿ ಓಡೋದು ಹೊಡೆಯೋದು ಏನೂ ಇಲ್ಲ. ಒಂದು ರೂಮಿನ ಚಿತ್ರ ಇರುತ್ತೆ. ಯಾವ್ದಾದ್ರೂ ಸಾಮಾನಿನ ಮೇಲೆ ಮೌಸಿನ ಬಾಣ ಇಟ್ಟು ಒತ್ತಿದ್ರೆ ಅದನ್ನ ತಗೋಬೋದು, ತಿರುಗಿಸಬೋದು, ಇನ್ನೊಂದರ ಜೊತೆ ಸೇರಿಸಬೋದು. ಒಂದು ಒಗಟು ಬಿಡಿಸಿದ್ರೆ ಇನ್ನೊಂದು ಬಾಗಿಲು. ಅವಸರವೇ ಇಲ್ಲ. ನೀನು ಹೋಗಿ ಕಾಫಿ ಕುಡ್ದು ಬಂದ್ರೂ ಅದು ಹಂಗೇ ಕಾಯ್ತಾ ಇರುತ್ತೆ."

ಕಥೆ ಇಷ್ಟೇ. ಎಲ್ಲೋ ಚಳಿ ದೇಶದಲ್ಲಿ ನಿಂತುಹೋದ ಒಂದು ದೊಡ್ಡ ಹಿಟ್ಟಿನ ಗಿರಣಿ. ಒಬ್ಬ ಹುಡುಗಿ ಅಲ್ಲಿಗೆ ಬರುತ್ತಾಳೆ, ಗಿರಣಿಯನ್ನು ಮತ್ತೆ ಓಡಿಸಬೇಕು. ಅಪ್ಪನಿಗೆ ಯಂತ್ರ ಅಂದರೆ ಆಯಿತು ಎಂದು ಮಗಳು ಯೋಚಿಸಿಯೇ ಆರಿಸಿದ್ದಳು.

ಮೊದಲ ವಾರ ಬಲಗೈಯನ್ನು ಎಡಗೈಯಿಂದ ಎತ್ತಿ ಮೌಸಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬಾಣ ಒಂದು ಕಡೆ ಅಂದರೆ ಇನ್ನೊಂದು ಕಡೆ ಹೋಗುತ್ತಿತ್ತು. ಆದರೂ ಕೂತರು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಅದನ್ನು ಮಾತ್ರ ನೋಡುತ್ತಿದ್ದೆ, ಕೂತರಲ್ಲ ಅನ್ನುವುದನ್ನು. ಆಮೇಲೆ ಒಂದು ದಿನ ಮೌಸ್ ಬಿಟ್ಟು ಹಿಂದಕ್ಕೆ ಒರಗಿದರು.

"ಏನೇ, ಇಲ್ಲಿ ಎಲ್ಲಾ ಸಾಮಾನೂ ಮಿಣಮಿಣ ಅಂತಿದೆ. ಯಾವ ಫ್ಯಾಕ್ಟರೀಲಿ ಕೆಟ್ಟ ಪಾರ್ಟು ಮಿಂಚುತ್ತೆ?"

ಮಗಳು ಆಟವನ್ನು ಸುಲಭಕ್ಕೆ ಹೊಂದಿಸಿಟ್ಟಿದ್ದಳಂತೆ. ಒತ್ತಬೇಕಾದ ವಸ್ತು ಅಲ್ಲಿ ತಾನೇ ಹೊಳೆಯುತ್ತದೆ. ಫೋನಿನಲ್ಲಿ ಅವಳೇ ಒಪ್ಪಿಕೊಂಡಳು. ಇವರಿಗೆ ಬಂದ ಸಿಟ್ಟು ಹೇಳತೀರದು. "ನನ್ನನ್ನ ಬಾಲವಾಡಿಗೆ ಸೇರಿಸಿದ್ದೀರಾ ತಾಯಿ ಮಗಳು ಇಬ್ರೂ" ಎಂದು ಮುಚ್ಚಿಟ್ಟವರು ಆ ವಾರ ಅದನ್ನು ಮುಟ್ಟಲಿಲ್ಲ. ಕೈ ಮತ್ತೆ ಮಡಿಲಲ್ಲಿ ಬಿದ್ದುಕೊಂಡಿತು. ಬೆಳಿಗ್ಗೆ ಶಿಫ್ಟಿನ ಬಸ್ಸು ನಮ್ಮ ಬೀದಿ ತುದಿಯಲ್ಲಿ ಹಾರ್ನ್ ಮಾಡಿದಾಗ ಕಿಟಕಿಯಿಂದ ಅದನ್ನು ನೋಡುವುದು, ಆಮೇಲೆ ಟೀವಿ ನೋಡುವುದು, ಇಷ್ಟೇ ಕೆಲಸ.

ಶನಿವಾರ ಮಗಳು ಬಂದು ಆಟವನ್ನು ಕಷ್ಟಕ್ಕೆ ಬದಲಾಯಿಸಿದಳು. ಅಡುಗೆಮನೆಯಲ್ಲಿ ನನ್ನ ಹತ್ತಿರ ನಿಂತು ಗೊಣಗಿದಳು ಕೂಡ. "ನಮ್ಮ ಆಫೀಸಲ್ಲೂ ಇದೇ ಜಗಳ ಅಮ್ಮ. ಅರ್ಧ ಜನ ಒಗಟು ಕಷ್ಟ ಇರ್ಲೇಬೇಕು, ಇಲ್ಲಾಂದ್ರೆ ಆಟ ಯಾಕೆ ಅಂತಾರೆ. ಇನ್ನರ್ಧ ಜನ, ಸಿಕ್ಕಾಕ್ಕೊಂಡ್ರೆ ಬಿಟ್ಟು ಎದ್ದೋಗ್ತಾರೆ, ಕಮ್ಮಿ ಮಾಡಿ ಅಂತಾರೆ. ಎಷ್ಟು ಕಷ್ಟ ಇಟ್ರೆ ಸರಿ ಅಂತ ಯಾರಿಗೂ ಗೊತ್ತಿಲ್ಲ."

"ನಿಮ್ಮಪ್ಪ ಎದ್ದು ಹೋಗದಷ್ಟು ಇಡು" ಎಂದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಕಷ್ಟದ ಆಟದಲ್ಲಿ ಅವರು ನಿಜವಾಗಿಯೂ ಕೂತರು. ಹೊಸ ಕೋಣೆಗೆ ಹೋದರೆ ತಕ್ಷಣ ಏನನ್ನೂ ಒತ್ತುತ್ತಿರಲಿಲ್ಲ, ಮೊದಲು ಬಾಣವನ್ನು ನಿಧಾನವಾಗಿ ಗೋಡೆಯುದ್ದಕ್ಕೂ ಆಡಿಸಿ ನೋಡುತ್ತಿದ್ದರು. ಆಟದಲ್ಲಿ ಒಬ್ಬ ಮುದುಕಿ, ಒಬ್ಬ ಗಾಡಿಯವನು ಇದ್ದರು. ಇವರು ದಿನಾ ಹೋಗಿ ಅವರನ್ನು ಮಾತಾಡಿಸುತ್ತಿದ್ದರು, ಅದೇ ಉತ್ತರ ಬಂದರೂ. "ಮಷೀನ್ ನಿಲ್ಲೋ ಮುಂಚೆ ಪಕ್ಕದಲ್ಲಿ ಇದ್ದೋರನ್ನ ಕೇಳ್ಬೇಕು ಕಣೇ. ಎಷ್ಟು ಸಲ ಕೇಳಿದ್ರೂ ಏನೋ ಒಂದು ಬಿಟ್ಟಿರ್ತಾರೆ." ಮುರಿದ ಹಲ್ಲಿನ ಚಕ್ರಕ್ಕೆ ಬದಲಿ ಹುಡುಕಿದರು, ಹರಿದ ಬೆಲ್ಟ್ ಹೊಲಿದರು. ಒಂದು ಮಧ್ಯಾಹ್ನ ನೀರಿನ ಲೋಟವನ್ನು ಬಲಗೈಯಲ್ಲೇ ಹಿಡಿದು ಕುಡಿದರು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು. ನಾನು ಟವೆಲ್ ಮಾತ್ರ ಕೊಟ್ಟೆ. ಹೇಳಿದರೆ ಮತ್ತೆ ಹಿಡಿಯದೇ ಹೋದಾರು ಎಂದು ಹೆದರಿಕೆ.

ಅಷ್ಟರಲ್ಲಿ ಸಿಕ್ಕಿಹಾಕಿಕೊಂಡರು. ಗಿರಣಿಯಲ್ಲಿ ಎಲ್ಲಾ ರಿಪೇರಿಯೂ ಆಗಿತ್ತು. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಹಿಡಿ ಎಳೆಯುವುದೊಂದೇ ಬಾಕಿ. ಆ ಹಿಡಿಗೆ ಒಂದು ಕೆಂಪು ಬೋರ್ಡ್ ತೂಗುಹಾಕಿತ್ತು, ಮುಟ್ಟಬೇಡ ಎನ್ನುವ ಹಾಗೆ ಅಡ್ಡ ಹಿಡಿದ ಕೈಯ ಚಿತ್ರ ಇರುವ ಬೋರ್ಡ್. ಅವತ್ತಿನಿಂದ ಆಟ ಮುಂದೆ ಹೋಗಲೇ ಇಲ್ಲ. ದಿನಾ ಕೂರುವುದು, ಅದೇ ಕೋಣೆಗಳನ್ನು ಸುತ್ತುವುದು, ಬೋರ್ಡಿನ ಮುಂದೆ ನಿಲ್ಲುವುದು, ಎದ್ದುಬಿಡುವುದು. ಕೂರುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಫಿಸಿಯೋ ಹುಡುಗಿ ಬೆರಳು ಬಿಡಿಸಿ ನೋಡಿ, "ಹೋದ ವಾರಕ್ಕಿಂತ ಬಿಗಿ ಇದೆಯಲ್ಲ ಅಂಕಲ್" ಎಂದಳು. ನಾನು ಒಳಗೆ ಹೋಗಿ ಹಾಲು ಉಕ್ಕುವುದನ್ನು ನೋಡುತ್ತಾ ನಿಂತೆ.

ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕುಬಿಟ್ಟಳು. "ಅದು ಒಗಟೇ ಅಲ್ಲಮ್ಮ! ಬೋರ್ಡ್ ಒತ್ತಿದ್ರೆ ಬಿದ್ದೋಗುತ್ತೆ, ಸ್ವಿಚ್ ಎಳೆದ್ರೆ ಆಯ್ತು. ಇಡೀ ಆಟದಲ್ಲಿ ಇದೇ ಸುಲಭ. ಆಡಿದೋರು ಯಾರೂ ಅಲ್ಲಿ ಸಿಕ್ಕಾಕ್ಕೊಂಡಿಲ್ಲ. ಹೇಳ್ಬಿಡು ಅಪ್ಪಂಗೆ."

ಸಾರಿಗೆ ಒಗ್ಗರಣೆ ಹಾಕಿ ಬಂದು ಮೆಲ್ಲಗೆ ಹೇಳಿದೆ. "ಆ ಬೋರ್ಡ್ ತೆಗೀಬೇಕಂತೆ ಕಣ್ರೀ. ಅಷ್ಟೇ ಅಂತೆ."

"ಗೊತ್ತು" ಎಂದರು.

"ಗೊತ್ತಾ?"

"ನೋಡಿದ ದಿನವೇ ಗೊತ್ತು. ತೆಗೆದ್ರೆ ಓಡುತ್ತೆ. ಆದ್ರೆ ಬೋರ್ಡ್ ಹಾಕಿದವನೇ ತೆಗೀಬೇಕು. ಯಾರೂ ಲೈನ್ ಹಾಕ್ಬಾರ್ದು ಅಂತ ಬೋರ್ಡ್ ಹಾಕಿ, ಮಷೀನ್ ಒಳಗೆ ಎಲ್ಲೋ ಕೈ ಹಾಕ್ಕೊಂಡು ಕೂತಿರ್ತಾನೆ ಅವ್ನು. ಅವ್ನನ್ನೇ ಹುಡುಕ್ತಾ ಇದ್ದೀನಿ."

ನಾನು ಅವರ ಪಕ್ಕದಲ್ಲಿ ಕೂತುಬಿಟ್ಟೆ. ಇಷ್ಟು ದಿನ ಅವರಿಗೆ ತಿಳಿಯುತ್ತಿಲ್ಲ, ತಲೆಗೂ ಏನಾದರೂ ಪೆಟ್ಟು ಬಿದ್ದಿದೆಯೋ ಏನೋ ಎಂದು ಒಳಗೊಳಗೇ ಬೆಂದಿದ್ದೆ. ಇಲ್ಲಿ ನೋಡಿದರೆ ತಿಳಿಯದೇ ಇದ್ದದ್ದು ಏನೂ ಇರಲಿಲ್ಲ. ಕಷ್ಟ ಹೆಚ್ಚಾಯಿತು, ಕಡಿಮೆಯಾಯಿತು ಎಂದು ನಾವು ಅಳೆಯುತ್ತಿದ್ದದ್ದೇ ಬೇರೆ ಯಾವುದನ್ನೋ.

ಮಗಳು ಭಾನುವಾರ ಮನೆಯಲ್ಲೇ ಇದ್ದಳು. ಕೆದಕಿ ಕೇಳಿದಳು. "ಫ್ಯಾಕ್ಟರೀಲಿ ಏನಾದ್ರೂ ಆಗಿತ್ತಾ ಅಪ್ಪ? ಯಾರಿಗಾದ್ರೂ ಏಟು..."

"ಏನೂ ಆಗಿಲ್ಲ. ನಾವು ಬೋರ್ಡ್ ಮುಟ್ಟದೇ ಇದ್ದಿದ್ದಕ್ಕೇ ಏನೂ ಆಗಿಲ್ಲ."

"ಅಪ್ಪ, ಇದು ಚಿತ್ರ. ಆ ಬೋರ್ಡಿನ ಚಿತ್ರ ಬರೆದೋಳು ಆಫೀಸಲ್ಲಿ ನನ್ನ ಪಕ್ಕದ ಸೀಟಿನವಳು. ಹಾಕಿದವನು ಅಂತ ಯಾರೂ ಇಲ್ಲ."

"ಹಾಕಿದವನು ಇಲ್ದೆ ಬೋರ್ಡ್ ಹೆಂಗೆ ಬಂತು?"

ಆ ಹೊತ್ತಿಗೆ ಸರಿಯಾಗಿ ಇವರ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಚಂದಾಪುರದಿಂದ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದರು. ಅವರು ಇನ್ನೂ ಅದೇ ಕಾರ್ಖಾನೆಯಲ್ಲಿ ಇದ್ದಾರೆ. ಮಗಳು ಬಿಡಲಿಲ್ಲ. ಅವರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, "ಅಂಕಲ್, ಇಲ್ಲಿ ನೀವಾದ್ರೆ ಏನ್ ಮಾಡ್ತೀರ?" ಎಂದಳು. ಅವರು ಕನ್ನಡಕ ಏರಿಸಿ ಬಾಣವನ್ನು ಸ್ವಿಚ್ಚಿನ ತನಕ ತಂದವರು, ಸುಟ್ಟಿತು ಅನ್ನುವ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ಲೇ, ಯಾರ ಬೋರ್ಡೋ ಇದು?"

"ಗೊತ್ತಿಲ್ಲ ಕಣೋ. ಹುಡುಕ್ತಾನೇ ಇದ್ದೀನಿ" ಎಂದರು ಇವರು.

"ಶಿಫ್ಟ್ ಮುಗೀತು ಅಂತ ಬಸ್ ಹತ್ತಿರ್ತಾನೆ ಕಳ್ ನನ್ಮಗ."

"ಹಂಗೇ ಇರ್ಬೇಕು."

ಮಗಳು ಹಣೆಗೆ ಕೈ ಇಟ್ಟುಕೊಂಡು ನಿಂತಳು. ನಾನು ಬಹಳ ದಿನಗಳ ಮೇಲೆ ನಕ್ಕೆ. ಗೆಳೆಯರು ಬಾಳೆಹಣ್ಣು ಸುಲಿಯುತ್ತಾ ಹೇಳಿದರು: "ಅಲ್ವೋ, ಹಾಕಿದವನು ಮನೆಗೆ ಹೋಗ್ಬಿಟ್ರೆ ಏನ್ಮಾಡ್ತಿದ್ವಿ ನಾವು? ಸೂಪರ್‌ವೈಸರ್‌ನ ಕರ್ಕೊಂಡು ಮೂಲೆ ಮೂಲೆ ಸುತ್ತಿ, ಯಾರೂ ಇಲ್ಲ ಅಂತ ಕಣ್ಣಾರೆ ನೋಡಿ, ಕೂಗಿ ಹೇಳಿ, ಇಬ್ರು ನಿಂತು ತೆಗೀತಿರ್ಲಿಲ್ವಾ? ಮರ್ತೋದ್ಯಾ?"

"ಮರ್ತಿಲ್ಲ. ಇಲ್ಲಿ ಸೂಪರ್‌ವೈಸರ್ ಎಲ್ಲಿದ್ದಾನೆ?"

"ಅತ್ತಿಗೆ ಇಲ್ವೇನೋ! ಈ ಮನೇಗೆ ಇನ್ಯಾರೋ ಸೂಪರ್‌ವೈಸರ್ರು?"

ಅದು ತಮಾಷೆ ಎಂದು ನಾನು ಕಾಫಿ ತರಲು ಹೋದೆ. ಸೋಮವಾರ ಬೆಳಿಗ್ಗೆ ಮಗಳು ಹೊರಟುಹೋದ ಮೇಲೆ, ನಾನು ಪಾತ್ರೆಗೆ ಕೈ ಹಾಕಿರುವಾಗ, "ಬಾರೇ ಇಲ್ಲಿ, ರೌಂಡ್ಸ್ ಹೋಗ್ಬೇಕು" ಎಂದು ಕರೆದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೋಗಿ ನಿಂತೆ.

ಗಿರಣಿಯ ಒಂದೊಂದೇ ಕೋಣೆಗೆ ಹೋದರು. ಬೀಸುವ ಕಲ್ಲುಗಳ ಕೆಳಗಿನ ಹಳ್ಳ, ಬೆಲ್ಟಿನ ಸಂದು, ಕಾಳಿನ ಉಗ್ರಾಣ, ಮೇಲಿನ ಅಟ್ಟ. ಎಲ್ಲೆಲ್ಲಿ ಒಬ್ಬ ಮನುಷ್ಯ ನುಸುಳಬಹುದೋ ಅಲ್ಲೆಲ್ಲ ಬಾಣ ಇಟ್ಟು ಒತ್ತುತ್ತಿದ್ದರು. ಒತ್ತಿದಾಗಲೆಲ್ಲ, "ಇದ್ದಾನಾ?" "ಇಲ್ಲ." "ಇಲ್ಲಿ?" "ಇಲ್ಲ." ಬೆರಳು ನಡುಗಿ ಎಷ್ಟೋ ಸಲ ತಪ್ಪುತ್ತಿತ್ತು, ಮತ್ತೆ ಇಡುತ್ತಿದ್ದರು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ನನ್ನ ಸೊಂಟ ನೋಯುತ್ತಿತ್ತು. ಉಗ್ರಾಣದಲ್ಲಿ ನೋಡದೆಯೇ "ಇಲ್ಲ" ಎಂದುಬಿಟ್ಟೆ.

ಕೈ ನಿಲ್ಲಿಸಿದರು. "ನೋಡ್ದೆ ಹೇಳ್ಬೇಡ."

ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹೀಗೇ ಹೇಳುತ್ತಿದ್ದರೇನೋ. ನಾನು ಕುರ್ಚಿ ಎಳೆದುಕೊಂಡು ಕೂತೆ, ಮೂಟೆಗಳ ಹಿಂದೆ ಕಣ್ಣಿಟ್ಟು ನೋಡಿದೆ. "ಅಲ್ಲೊಂದು ಕೋಟು ನೇತಾಡ್ತಿದೆ."

ಅಲ್ಲಿ ಹೋಗಿ ಒತ್ತಿದರು. "ಬರೀ ಕೋಟು. ಸರಿ. ಈಗ ಕೂಗು."

"ಏನಂತ ಕೂಗ್ಲಿ?"

"ಲೈನ್ ಹಾಕ್ತಾ ಇದ್ದೀವಿ ಅಂತ. ಜೋರಾಗಿ."

ನಮ್ಮ ನಡುಮನೆಯಲ್ಲಿ ನಿಂತು, "ಲೈನ್ ಹಾಕ್ತಾ ಇದ್ದೀವಿ!" ಎಂದು ಕೂಗಿದೆ. ಮೆಟ್ಟಿಲ ಮೇಲಿನಿಂದ ರಾಯಚೂರು ಕಡೆಯ ಬಾಡಿಗೆಯಾಕೆ ಇಣುಕಿದಳು: "ಯಾಕ್ರಿ ಅಕ್ಕಾರ, ಕರೆಂಟ್ ತಗೀತಾರೇನ್ರಿ?" "ಏನಿಲ್ಲಮ್ಮ, ನೀನು ನಿನ್ನ ಕೆಲಸ ನೋಡ್ಕೋ" ಎಂದೆ. ಇವರು ಉತ್ತರಕ್ಕೆ ಕಾಯುವವರ ಹಾಗೆ ಬಾಣವನ್ನು ಇನ್ನೊಮ್ಮೆ ಗೋಡೆಯುದ್ದಕ್ಕೂ ಆಡಿಸಿ ನೋಡಿದರು. ಆಮೇಲೆ ಬೋರ್ಡನ್ನು ಒತ್ತಿದರು. ಅದು ಕೆಳಗೆ ಬಿತ್ತು.

ನಿಜವಾದ ಕಷ್ಟ ಅಲ್ಲಿಂದ ಮುಂದೆ ಇತ್ತು. ಆ ಹಿಡಿಯನ್ನು ಒತ್ತಿ ಹಿಡಿದುಕೊಂಡೇ ಕೆಳಗಿನವರೆಗೂ ಎಳೆಯಬೇಕು, ನಡುವೆ ಬೆರಳು ಸಡಿಲವಾದರೆ ಹಿಡಿ ಮೇಲೆ ಹಾರುತ್ತದೆ. ಹಾರಿತು. ಮತ್ತೆ ಹಾರಿತು. ಹಣೆಯಲ್ಲಿ ಬೆವರು. ನನ್ನ ಕೈ ತಾನಾಗಿಯೇ ಮೌಸಿನ ಕಡೆ ಹೋಯಿತು.

"ನಾನು ಎಳೀಲೇನ್ರೀ?"

"ಬೋರ್ಡ್ ತೆಗೆದವನೇ ಲೈನ್ ಹಾಕ್ಬೇಕು."

ಕೊನೆಗೆ ಹಿಡಿ ಕೆಳಗೆ ಕೂತಿತು. ಗಿರಣಿ ಗುರ್ ಎಂದು ತಿರುಗಿತು, ಹಿಟ್ಟು ಬೀಳತೊಡಗಿತು. ನಾನು ಅವರ ಮುಖ ನೋಡಿದೆ. ಅವರು ಕಿವಿ ಕೊಟ್ಟು ಕೇಳುತ್ತಿದ್ದರು. "ಬೆಲ್ಟ್ ಸ್ವಲ್ಪ ಲೂಸ್ ಇದೆ" ಎಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಬೆರಳುಗಳು ಲೋಟವನ್ನೂ ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಕೈ ತಟ್ಟೆಯ ಪಕ್ಕದಲ್ಲಿ ಬಾಗಿಕೊಂಡೇ ಬಿದ್ದಿತ್ತು. ನಾನು ಅದನ್ನು ಬಿಡಿಸಿ ಅವರ ತೊಡೆಯ ಮೇಲಿಟ್ಟು ಮುದ್ದೆ ಮುರಿದೆ. ಎಲ್ಲ ದಿನಗಳಿಗಿಂತ ಹೆಚ್ಚು ಹಸಿದಿದ್ದರು. ತುತ್ತು ಬಾಯಲ್ಲಿರುವಾಗಲೇ ಮಗಳ ಫೋನು ಬಂತು, ಸ್ಪೀಕರಿಗೆ ಹಾಕಿದೆ.

"ಆಯ್ತಾ ಅಪ್ಪ? ಕಷ್ಟ ಇತ್ತಾ? ಆಫೀಸಲ್ಲಿ ಹೇಳ್ದೆ, ಎಲ್ರೂ ನಗಾಡಿದ್ರು. ಆ ಜಾಗ ಇನ್ನೂ ಸುಲಭ ಮಾಡೋಣ್ವಾ ಅಂತ ಕೇಳ್ತಿದ್ದಾರೆ."

ಅವರು ತುತ್ತು ನುಂಗಿದರು. ಆಮೇಲೆ ಫೋನಿನ ಕಡೆಗೆ ಬಗ್ಗಿ, "ಕಷ್ಟ ಎಷ್ಟಾದ್ರೂ ಇರ್ಲಿ, ಬೇಡ ಅನ್ನಲ್ಲ. ಆ ಬೋರ್ಡ್ ಹಾಕಿದವನನ್ನ ಮಾತ್ರ ಒಳಗೆ ಎಲ್ಲಾದ್ರೂ ಇಡಕ್ಕೆ ಹೇಳು" ಎಂದರು. ಹೇಳಿ ನನ್ನ ಕಡೆ ತಿರುಗಿ ಬಾಯಿ ತೆರೆದರು. ನಾನು ಮುಂದಿನ ತುತ್ತು ಮುರಿದು ಸಾರಿನಲ್ಲಿ ಅದ್ದಿದೆ.