ನಿಂಬೆಹಣ್ಣಿಗೆ ಕಾದ ಸ್ಟೇರಿಂಗು

ಗಿರಾಕಿಯನ್ನು ಮುಖ ನೋಡಿ ಅಳೆಯುವವನು ಹೊಸ ವ್ಯಾಪಾರಿ. ಮುಖ ಸುಳ್ಳು ಹೇಳುತ್ತದೆ, ಚಪ್ಪಲಿ ಹೇಳುವುದಿಲ್ಲ. ಷಡಕ್ಷರಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನಾನು ಮೊದಲು ನೋಡಿದ್ದು ಅವನ ಚಪ್ಪಲಿಯನ್ನೇ. ಬಲಗಾಲಿನದು ಸವೆದು ಕಾಗದವಾಗಿತ್ತು. ಎಡಗಾಲಿನದು ಇನ್ನೊಂದು ಮಳೆಗಾಲ ತಡೆಯುವ ಹಾಗಿತ್ತು. ಬಲಗೈ ಮೊಣಕೈವರೆಗೆ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಎಡಗೈ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿತ್ತು. ಬಸ್ ಡ್ರೈವರ್, ಅದೂ ಬಹಳ ವರ್ಷ ಕಿಟಕಿಗೆ ಮೊಣಕೈ ಊರಿ ಕೂತವನು ಎಂದು ತಿಳಿಯಲು ಇಷ್ಟು ಸಾಕು. ಹಳೇ ಗಾಡಿ ಕೊಳ್ಳುವವನ ಲೆಕ್ಕದಲ್ಲಿ ಹೇಳುವುದಾದರೆ ಬಾಡಿ ಗಟ್ಟಿ, ಇಂಜಿನ್ ಪರವಾಗಿಲ್ಲ, ಒಂದು ಹೆಡ್‌ಲೈಟ್ ಹೋಗಿದೆ. ಮೊಬೈಲಿಗೆ ಸಣ್ಣದೊಂದು ಕರೆನ್ಸಿ ಹಾಕಿಸಿಕೊಂಡು ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂರುವ ಗಿರಾಕಿ ಎಂದು ಬೆಲೆ ಕಟ್ಟಿದೆ. ಕರೆನ್ಸಿಯನ್ನೂ ಹಾಕಿಸಲಿಲ್ಲ, ಫ್ಯಾನಿನ ಕೆಳಗೆ ಮಾತ್ರ ಕೂತ.

ನನ್ನ ಅಂಗಡಿ ಇರುವುದು ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಎದುರಿಗೆ. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಆಮೇಲೆ ಮೊಬೈಲು. ಊರಿಗೆ ಯಾವ ಹುಚ್ಚು ಹಿಡಿಯುತ್ತದೋ ಅದನ್ನು ಮಾರುತ್ತ ಬಂದವನು ನಾನು. ಎರಡು ಸಾವಿರದ ಎಂಟರ ಹೊತ್ತಿಗೆ ಒಳಕೋಣೆಯಲ್ಲಿ ಒಂದು ಕಂಪ್ಯೂಟರೂ ಅದಕ್ಕೊಂದು ಬ್ರಾಡ್‌ಬ್ಯಾಂಡ್ ಲೈನೂ ಬಂದಿದ್ದವು. ಷಡಕ್ಷರಿ ಆಗ ಡ್ರೈವರ್ ಆಗಿ ಉಳಿದಿರಲಿಲ್ಲ, ಸ್ಟ್ಯಾಂಡಿನಲ್ಲಿ ನಿಂತು "ಕೊಪ್ಪ, ಶೃಂಗೇರಿ! ಕೊಪ್ಪ, ಶೃಂಗೇರಿ!" ಎಂದು ಕೂಗುವ ಏಜೆಂಟ್ ಆಗಿದ್ದ. ಬಸ್ಸಿನ ಧಣಿಗಳು ದಯೆಯಿಂದ ಕೊಟ್ಟ ಕೆಲಸ. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ನನ್ನ ಫ್ಯಾನು ಅವನದು.

ಅವನ ಕಥೆಯನ್ನು ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು, ಜೊತೆಗೆ ಜಿಲೇಬಿಯೂ ಇತ್ತು. ಹಿಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಶೃಂಗೇರಿ ಟ್ರಿಪ್ಪು ಹೊಡೆಯುತ್ತಿದ್ದಾಗ ಕೊಪ್ಪದ ಹತ್ತಿರ ಬಲಗಣ್ಣಿನೊಳಗೆ ಮಸಿ ಚೆಲ್ಲಿದ ಹಾಗಾಯಿತಂತೆ. ಕಿರುಚಲಿಲ್ಲ, ಬ್ರೇಕ್ ಒತ್ತಲಿಲ್ಲ. ಉಳಿದ ಕಣ್ಣಿನಲ್ಲಿ ಬಸ್ಸನ್ನು ಕೊಪ್ಪದ ಸ್ಟ್ಯಾಂಡಿಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಇಳಿದು ಕಂಬ ಹಿಡಿದುಕೊಂಡು ನಿಂತ. ಬಸ್ಸನ್ನು ಮುಂದಕ್ಕೆ ಶೃಂಗೇರಿಗೆ ತೆಗೆದುಕೊಂಡು ಹೋದವನು ಬೇರೆ ಡ್ರೈವರ್. ಷಡಕ್ಷರಿಗೆ ಕಣ್ಣು ಹೋದದ್ದಕ್ಕಿಂತ ಇದೇ ಹೆಚ್ಚು ಚುಚ್ಚುತ್ತಿತ್ತು.

"ನನ್ನ ಪ್ಯಾಸೆಂಜರ್ನ ಇನ್ನೊಬ್ಬ ಇಳಿಸ್ದ ಮಾರಾಯ. ಟಿಕೆಟ್ ನನ್ ಬಸ್ಸಲ್ಲಿ, ಇಳಿಯೋದು ಅವನ ಕೈಯಲ್ಲಿ!"

"ಬಸ್ಸು ಅದೇ ಅಲ್ಲವಾ? ಅವರಿಗೆ ಎಂತ ವ್ಯತ್ಯಾಸ?"

"ನಿನ್ನ ಅಂಗಡಿಲಿ ಕಟ್ಟಿದ ಸಾಮಾನಿಗೆ ಪಕ್ಕದ ಅಂಗಡಿಯೋನು ದುಡ್ಡು ಇಸ್ಕೊಂಡ್ರೆ ಗೊತ್ತಾಗ್ತಿತ್ತು ನಿಂಗೆ."

ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ.

ಆ ಬೇಸಿಗೆಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಬಸ್ ಓಡಿಸುವ ಆಟವೊಂದಿತ್ತು. ಪೂರ್ತಿ ಆಟವಲ್ಲ, ರುಚಿಗೆಂದು ಕೊಟ್ಟ ಒಂದು ತುಂಡು. ಯಾವುದೋ ಪರದೇಶದ ಊರು. ಡಿಪೋದಿಂದ ಹೊರಟು ಸ್ಟಾಪಿನಲ್ಲಿ ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಜನ ಹತ್ತಬೇಕು. ಬ್ರೇಕು ಜೋರಾಗಿ ಒತ್ತಿದರೆ ಹಿಂದೆ ಕೂತವರು ಬೈಯುತ್ತಾರೆ. ಷಡಕ್ಷರಿಯನ್ನು ಕೆಣಕಲೆಂದೇ ಕರೆದು ಕೂರಿಸಿದೆ.

"ಇದೆಂತ ಹಾಳು ಗಾಡಿ! ಸ್ಟೇರಿಂಗು ಎಡಗಡೆ! ರೋಡಿನ ಬಲಗಡೆ ಹೋಗ್ತದಲ್ಲ!"

"ಅವರ ಊರಲ್ಲಿ ಹಾಗೆಯೇ."

"ಮತ್ತೆ ಇದೆಂತ, ಗುಂಡಿ ಒತ್ತೋದು? ಇದು ಮಿಕ್ಸಿ ಆನ್ ಮಾಡೋ ಹೆಂಗಸರ ಕೆಲ್ಸ ಮಾರಾಯ, ಡ್ರೈವಿಂಗ್ ಅಲ್ಲ."

ಬೈಯುತ್ತಲೇ ಕೂತ. ಎಡಗಣ್ಣನ್ನು ಪರದೆಗೆ ಹತ್ತಿರ ತಂದು, ತುಟಿ ಕಚ್ಚಿಕೊಂಡು, ಬಾಣದ ಗುಂಡಿಗಳನ್ನು ಒತ್ತಿದ. ಎರಡನೇ ಸ್ಟಾಪಿನಲ್ಲಿ ಬಸ್ಸು ತಾನಾಗಿ ನಿಂತಿತು. ಇಷ್ಟೇ ಬಿಟ್ಟಿ, ಮುಂದೆ ಹೋಗಬೇಕಾದರೆ ಕೊಂಡುಕೊಳ್ಳಿ ಎಂದು ಬರಹ ಬಂತು. ನಾನು ಓದಿ ಹೇಳಿದೆ. ಷಡಕ್ಷರಿ ಪರದೆಯೊಳಗೆ ಸೀಟಿನಲ್ಲಿ ಕೂತಿದ್ದ ಜನರನ್ನೇ ನೋಡುತ್ತಿದ್ದ.

"ಇವರನ್ನೂ ಅರ್ಧ ದಾರಿಲಿ ಇಳಿಸ್ಬೇಕಾ?" ಎಂದ.

ವ್ಯಾಪಾರ ಕುದುರಿತು ಎಂದು ನನಗೆ ಆಗಲೇ ಗೊತ್ತಾಯಿತು. ಕೊಳ್ಳಲು ದಾರಿ ಎರಡು. ಒಂದು, ಡೌನ್‌ಲೋಡ್. ನನ್ನ ಭಾವಮೈದುನನ ಕಾರ್ಡಿನಿಂದ ದುಡ್ಡು ಕಟ್ಟಿ, ನೆಟ್ಟಿಗೆ ಹಾಕಿ ಬಿಟ್ಟರೆ ಲೈನು ಕೈಕೊಡದಿದ್ದ ಪಕ್ಷ ಮರುದಿನ ಬೆಳಿಗ್ಗೆಗೆ ಆಟ ಇಳಿದಿರುತ್ತದೆ. ಗುಂಡಿ ಒತ್ತಿ ಓಡಿಸುವುದು. ಇನ್ನೊಂದು, ಡಬ್ಬಿ. ಬೆಂಗಳೂರಿನ ಅಂಗಡಿಯವರು ಪರದೇಶದಿಂದ ತರಿಸಬೇಕು, ಬೆಲೆ ದುಪ್ಪಟ್ಟಿಗಿಂತ ಮೇಲೆ, ಬರುವುದು ಯಾವಾಗಲೋ. ಆದರೆ ಡಬ್ಬಿಯೊಳಗೆ ಸಿ.ಡಿ.ಯ ಜೊತೆ ಮೇಜಿಗೆ ಕಚ್ಚಿಸುವ ಸ್ಟೇರಿಂಗೂ ಕಾಲಿಗೆ ಪೆಡಲೂ ಇರುತ್ತವೆ.

ಡೌನ್‌ಲೋಡಿನಲ್ಲಿ ನನಗೆ ಉಳಿಯುವುದು ಒಂದು ಚಹಾ. ಡಬ್ಬಿಯಲ್ಲಿ ಒಂದು ಒಳ್ಳೆಯ ಊಟ. ಆದರೂ ಡೌನ್‌ಲೋಡ್ ಮಾಡಿಸಿಕೊ ಎಂದೇ ಹೇಳಿದೆ. ಇದು ಧರ್ಮಬುದ್ಧಿಯಲ್ಲ. ಸಾಮಾನಿಗೆ ಕಾದು ಕೂತ ಗಿರಾಕಿ ದಿನವೂ ಬಂದು ತಲೆ ತಿನ್ನುತ್ತಾನೆ ಎಂಬ ಅನುಭವ.

"ನಾಳೆ ಬೆಳಿಗ್ಗೆ ಬಾ, ಶೃಂಗೇರಿವರೆಗೂ ಬೇಕಾದರೆ ಹೋಗು."

"ಸ್ಟೇರಿಂಗ್ ಇಲ್ದೇನಾ?"

"ಸ್ಟೇರಿಂಗ್ ಬಂದಾಗ ಬರಲಿ. ಅಷ್ಟರವರೆಗೆ ಇದು."

"ಒಂದೇ ಗಾಡಿಗೆ ಎರಡು ಪರ್ಮಿಟ್ಟಾ? ಬೇಡ ಸುಮ್ನಿರು." ಎದ್ದವನು ಮತ್ತೆ ಕೂತು ಹೇಳಿದ, "ಅಲ್ಲ ರೇಣುಕಪ್ಪ, ಆ ಡೌನ್‌ಲೋಡು ಅಂತಿಯಲ್ಲ, ಅದು ಬಂತು ಅಂತಲೇ ಇಟ್ಕೊ. ನಿಂಬೆಹಣ್ಣು ಎಲ್ಲಿಡ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹೊಸಕದೆ ಈ ಕಡೆ ಯಾರೂ ರಸ್ತೆಗೆ ಇಳಿಸುವುದಿಲ್ಲ, ನಿಜ. ಆದರೆ ಗಾಳಿಯಲ್ಲಿ ಬರುವ ಬಸ್ಸಿಗೆ ನಿಂಬೆಹಣ್ಣು ಕೇಳಿದವನು ಇವನೊಬ್ಬನೇ.

ಡಬ್ಬಿಗೇ ಹೇಳಿದೆವು.

ಡಬ್ಬಿ ಬಂದದ್ದು ಆಷಾಢದಲ್ಲಿ. ದೊಡ್ಡ ಪೆಟ್ಟಿಗೆ, ಮೇಲೆ ಕೆಂಪು ಬಸ್ಸಿನ ಚಿತ್ರ, ಸುತ್ತ ಮಿರಿಮಿರಿ ಪ್ಲಾಸ್ಟಿಕ್ಕು. ಷಡಕ್ಷರಿ ಎರಡೂ ಕೈಯಲ್ಲಿ ಹಿಡಿದು ಭಾರ ನೋಡಿದ. ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ನಾನು ಬ್ಲೇಡು ತೆಗೆದೆ.

"ಏಯ್, ಮುಟ್ಬೇಡ! ಆಷಾಢದಲ್ಲಿ ಹೊಸ ಗಾಡಿ ಬಿಚ್ತಾರಾ?"

"ಸರಿ, ಶ್ರಾವಣಕ್ಕೆ."

"ಆಯುಧ ಪೂಜೆಗೆ."

"ಆಯುಧ ಪೂಜೆ ಇನ್ನೂ ಎಲ್ಲಿದೆ! ಇದು ಪ್ಲಾಸ್ಟಿಕ್ ಮಾರಾಯ. ಪ್ಲಾಸ್ಟಿಕ್ಕಿಗೆ ಎಂತ ಪೂಜೆ?"

"ನಿನ್ನ ಗಲ್ಲಾಪೆಟ್ಟಿಗೆಗೆ ವರ್ಷ ವರ್ಷ ಕುಂಕುಮ ಹಚ್ತಿಯಲ್ಲ, ಅದೇನು ಉದ್ಭವ ಲಿಂಗವಾ?"

ಬ್ಲೇಡನ್ನು ಒಳಗಿಟ್ಟೆ. ಅವನ ಹಟಕ್ಕೆ ಕಾರಣವೂ ಇತ್ತು. ಹೊಸತಾಗಿ ಡ್ರೈವರ್ ಸೀಟಿಗೆ ಕೂತ ಕಾಲದಲ್ಲಿ ಅವನ ಮೊದಲ ಧಣಿ ಹೊಸ ಬಸ್ಸನ್ನು ಪೂಜೆಗೂ ಕಾಯದೆ ಮದುವೆ ದಿಬ್ಬಣಕ್ಕೆ ಬಿಟ್ಟಿದ್ದರಂತೆ. ಹಿರೇಕೊಡಿಗೆಯ ಕಡೆ ಹೋಗುವಾಗ ಬಸ್ಸು ಗದ್ದೆಗೆ ಉರುಳಿ ಕ್ಲೀನರನ ಕಾಲು ಹೋಯಿತು. ಅಂದಿನಿಂದ ಆಯುಧ ಪೂಜೆ ಆಗದ ಸ್ಟೇರಿಂಗನ್ನು ಷಡಕ್ಷರಿ ಮುಟ್ಟಿದವನಲ್ಲ. ಡಬ್ಬಿ ನನ್ನ ಅಂಗಡಿಯ ಮೇಲಿನ ರ‍್ಯಾಕಿನಲ್ಲಿ, ಬಸವಣ್ಣನ ಪಟದ ಪಕ್ಕ ಕೂತಿತು. ದಿನಕ್ಕೊಮ್ಮೆ ಬಂದು ಕೆಳಗಿಳಿಸಿ, ಒರೆಸಿ, ಮತ್ತೆ ಮೇಲಿಡುತ್ತಿದ್ದ. ನಾನು ಹೆದರಿದ ಹಾಗೆಯೇ ದಿನವೂ ತಲೆ ತಿಂದ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಸ್ಟ್ಯಾಂಡಿನಲ್ಲಿ ಗಲಾಟೆ. ಶಿವಮೊಗ್ಗದ ಬಸ್ಸಿನ ಮುಂದೆ ನಿಂತು ಷಡಕ್ಷರಿ "ಕೊಪ್ಪ, ಶೃಂಗೇರಿ!" ಎಂದು ಕೂಗಿದ್ದ. ನಂಬಿ ಹತ್ತಿದ್ದ ಒಬ್ಬ ಅಜ್ಜಿ ಇಳಿದು ಬಂದು ಬಾಯಿಗೆ ಬಂದಂತೆ ಬೈದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಷಡಕ್ಷರಿಯೂ ನಕ್ಕು, "ಶೃಂಗೇರಿ ಬಿಟ್ಟು ಬೇರೆ ಊರು ಬಾಯಿಗೆ ಬರೋದಿಲ್ಲ" ಎಂದ. ಆಮೇಲೆ ಒಂದು ವಿಷಯ ಗಮನಿಸಿದೆ. ಬಸ್ಸು ಸ್ಟ್ಯಾಂಡಿನೊಳಕ್ಕೆ ಬರುವಾಗ ಅವನು ಬೋರ್ಡಿನ ಕಡೆ ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಇಂಜಿನ್ನಿನ ಸದ್ದು ಕೇಳಿಸಿಕೊಂಡು, ಆಮೇಲೆ ಕೂಗುತ್ತಿದ್ದ. ಹಳೇ ಡ್ರೈವರನ ಗತ್ತು ಎಂದುಕೊಂಡೆ.

ಆಯುಧ ಪೂಜೆಯ ದಿನ ಮಧ್ಯಾಹ್ನ, ಸ್ಟ್ಯಾಂಡಿನ ಬಸ್ಸುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದಾಗ, ಷಡಕ್ಷರಿ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಂದ. ಜೊತೆಗೆ ಕಡಹಿನಬೈಲಿನಿಂದ ಅವನ ಅಕ್ಕ ಕಲ್ಲಮ್ಮ. ಅವಳ ಕೈಯಲ್ಲಿ ಸೇವಂತಿಗೆ, ಊದುಬತ್ತಿ, ನಿಂಬೆಹಣ್ಣು. ತಮ್ಮನ ಹಿಂದೆಯೇ ಒಂದು ಕೈ ಚಾಚಿಕೊಂಡು ಬರುತ್ತಿದ್ದಳು, ನಡೆಯಲು ಕಲಿಯುವ ಮಗುವಿನ ಹಿಂದೆ ಬರುವ ಹಾಗೆ.

ಪ್ಲಾಸ್ಟಿಕ್ ಬಿಚ್ಚಿದೆವು. ಸ್ಟೇರಿಂಗನ್ನು ಮೇಜಿಗೆ ಕಚ್ಚಿಸಿದೆ. ವಿಭೂತಿ, ಕುಂಕುಮ, ಹೂವು ಎಲ್ಲ ಆಯಿತು. ಪೆಡಲಿನ ಕೆಳಗೆ ನಿಂಬೆಹಣ್ಣಿಟ್ಟ. ಚಪ್ಪಲಿ ಬಿಟ್ಟು ಕೂತು ಬಲಗಾಲಿನಲ್ಲಿ ಒತ್ತಿದ. ಹಣ್ಣು ಪಿಚಕ್ಕೆಂದು ಒಡೆದು ನನ್ನ ಕಾರ್ಪೆಟ್ಟು ಹಾಳಾಯಿತು. ಅವನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ.

ಡಬ್ಬಿಯೊಳಗಿನ ಚೀಟಿಯ ಮೇಲೆ ಒಂದು ನಂಬರಿತ್ತು, ಅದನ್ನು ಕಂಪ್ಯೂಟರಿಗೆ ತುಂಬಬೇಕು. ಓದು ಎಂದು ಅವನಿಗೆ ಕೊಟ್ಟೆ.

"ಕನ್ನಡಕ ತಂದಿಲ್ಲ, ನೀನೇ ಓದು."

ಷಡಕ್ಷರಿ ಕನ್ನಡಕ ಹಾಕುವವನೇ ಅಲ್ಲ. ನಾನು ಕಲ್ಲಮ್ಮನ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

ಆಟ ಶುರುವಾಯಿತು. ಡಿಪೋ ಬಂತು, ಕೆಂಪು ಬಸ್ಸು ಗುರ್ ಎಂದಿತು. ಷಡಕ್ಷರಿ ಸ್ಟೇರಿಂಗಿನ ಎರಡೂ ಬದಿ ಕೈಯಿಟ್ಟು ನೆಟ್ಟಗೆ ಕೂತ. ಮುಖ ಮಾತ್ರ ಪರದೆಯ ಕಡೆಗಿರಲಿಲ್ಲ. ಸದ್ದು ಬರುವ ಸ್ಪೀಕರಿನ ಕಡೆಗಿತ್ತು.

"ರೇಣುಕಪ್ಪ, ರೋಡು ಎಲ್ಲಿ ಅದೆ?"

ನಾನು ಪರದೆಯನ್ನು ಅವನ ಮುಖದ ಕಡೆಗೆ ತಿರುಗಿಸಿದೆ.

"ನಂಗೆ ಬರೀ ಬೆಳ್ಳಗೆ ಕಾಣ್ತದೆ. ಈ ಕಣ್ಣೂ ಹೋಗ್ತಾ ಬಂತು, ಗಣೇಶನ ಹಬ್ಬದಿಂದ. ಹೇಳಿದ್ರೆ ಏಜೆಂಟ್ ಕೆಲ್ಸನೂ ಹೋಗ್ತದಲ್ಲ." ಒಂದು ಕೈಯಲ್ಲಿ ನನ್ನ ತೋಳು ಹಿಡಿದು ಪಕ್ಕದ ಸ್ಟೂಲಿಗೆ ಎಳೆದ. "ಕೂತ್ಕೊ. ಮಂಜು ಬಿದ್ದಾಗ ಕ್ಲೀನರ್ ಬಾಗಿಲಲ್ಲಿ ನಿಂತು ಹೇಳ್ತಾನೆ, ಡ್ರೈವರ್ ಹೊಡೀತಾನೆ. ನೀನು ಹೇಳು."

ಹೇಳಿದೆ. ನನ್ನಂಥ ಕೆಟ್ಟ ಕ್ಲೀನರ್ ಅವನಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ನಾನು ಬಲಕ್ಕೆ ಎಂದು ಹೇಳುವಷ್ಟರಲ್ಲಿ ಬಸ್ಸು ಫುಟ್‌ಪಾತ್ ಹತ್ತುತ್ತಿತ್ತು. "ಮೊದ್ಲೇ ಹೇಳೋ, ಶನಿ!" ಎಂದು ಅವನು, "ಸ್ವಲ್ಪ ನಿಧಾನ ಹೊಡಿಯೋ" ಎಂದು ನಾನು. ಬರಬರುತ್ತ ಹದ ಸಿಕ್ಕಿತು. ಬರ್ಲಿ, ಬರ್ಲಿ, ಸ್ವಲ್ಪ ಎಡ, ಹೋಲ್ಡಾನ್. ಬಾಗಿಲು ತೆಗೆದೆವು, ಜನ ಹತ್ತಿದರು, ನಾನು "ರೈಟ್" ಎಂದೆ. ಬಿಟ್ಟಿ ಆಟ ನಿಂತುಹೋಗಿದ್ದ ಎರಡನೇ ಸ್ಟಾಪು ಬಂತು.

"ಇದು ಕೊಪ್ಪ," ಎಂದ ಷಡಕ್ಷರಿ. "ಇಲ್ಲಿಂದ ಮುಂದೆ ನಂದು."

ಕೊಪ್ಪ ದಾಟಿದೆವು. ಆ ಪರದೇಶದ ಊರಿನ ದೀಪದ ಕಂಬ, ಗಾಜಿನ ಕಟ್ಟಡಗಳ ನಡುವೆ ಅವನು ತನ್ನ ರಸ್ತೆಯಲ್ಲೇ ಹೋಗುತ್ತಿದ್ದ. ಮುಂದಿನ ಸ್ಟಾಪಿಗೆ ನಿಲ್ಲಿಸಿದಾಗ "ಹರಿಹರಪುರ, ಯಾರ್ರೀ ಇಳಿಯೋರು?" ಎಂದು ತಾನೇ ಕೂಗಿದ. ಕಲ್ಲಮ್ಮ ಅಳುತ್ತಲೇ ನಕ್ಕಳು.

ಆಗ ಕರೆಂಟು ಹೋಯಿತು. ಯು.ಪಿ.ಎಸ್. ಕುಯ್ಯೆಂದು ಕೂಗಿ ಅದೂ ಸತ್ತಿತು. ಹಬ್ಬದ ದಿನ ಹೋದ ಕರೆಂಟು ಬೇಗ ಬರುವುದಲ್ಲ. ಷಡಕ್ಷರಿ ಸ್ಟೇರಿಂಗ್ ಬಿಡದೆ ಕೇಳಿದ, "ಬಸ್ಸಲ್ಲಿ ಜನ ಇದ್ರಾ?"

"ಇದ್ದರು. ಸೀಟೆಲ್ಲ ತುಂಬಿತ್ತು."

"ಶೃಂಗೇರಿ ಟಿಕೆಟ್ನೋರು," ಎಂದ.

ತಡೆಯಲಾರದೆ ಅಂದೆ, "ಬೇಸಿಗೆಯಲ್ಲೇ ಡೌನ್‌ಲೋಡ್ ಮಾಡಿಸಿಕೊಂಡಿದ್ದರೆ, ಕಣ್ಣಿರುವಾಗಲೇ ಎಷ್ಟು ಸಲ ಹೋಗಿ ಬರಬಹುದಿತ್ತು ಷಡಕ್ಷರಿ."

"ಗುಂಡಿ ಒತ್ಕೊಂಡು ಶೃಂಗೇರಿಗೆ ಹೋದ್ರೆ ಹೋದ ಹಾಗಾಗ್ತಿತ್ತಾ?" ಎಂದು ಗದರಿದ. ಕಾಲಿನಿಂದ ನಿಂಬೆಹಣ್ಣಿನ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, "ಆಗ್ತಿತ್ತು ಅನ್ಸ್ತದೆ ಮಾರಾಯ" ಎಂದ.

ಕರೆಂಟು ಬರುವವರೆಗೆ ಅವರಿಬ್ಬರಿಗೆ ಕಾಯಲು ಆಗಲಿಲ್ಲ. ಕಡಹಿನಬೈಲಿನ ಕೊನೇ ಬಸ್ಸಿತ್ತು. ಆ ವಾರವೇ ಅಕ್ಕನ ಮನೆಯವರು ಅವನನ್ನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಷನ್ನಿಗೆ ತಡವಾಗಿದೆ ಎಂದರಂತೆ ಡಾಕ್ಟರು. ಈಗ ಅಕ್ಕನ ಮನೆಯಲ್ಲಿದ್ದಾನೆ. ಜಗಲಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಬಸ್ಸು ಯಾರದು, ಯಾವ ಡ್ರೈವರ್ ಗೇರು ಕೆಟ್ಟದಾಗಿ ಹಾಕಿದ ಎಂದು ಸದ್ದಿನಲ್ಲೇ ಹೇಳುತ್ತಾನಂತೆ. ಅವನ ಜಾಗದಲ್ಲಿ ಕೂಗುವ ಹೊಸ ಏಜೆಂಟಿಗೆ ಗಂಟಲು ಚೆನ್ನಾಗಿದೆ, ಆದರೆ ಅವನು ಫ್ಯಾನಿಗೆ ಬರುವುದಿಲ್ಲ.

ಸ್ಟೇರಿಂಗು ನನ್ನ ಮೇಜಿನ ಮೇಲೆಯೇ ಇದೆ. ಕುಂಕುಮ ಹಾಗೆಯೇ ಇದೆ. ಕೊಡ್ತೀರಾ ಎಂದು ಕೇಳಿದವರಿದ್ದಾರೆ. ಅದು ನನ್ನ ಸಾಮಾನಲ್ಲ ಎಂದಿದ್ದೇನೆ. ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಕಡಹಿನಬೈಲಿಗೆ ಹೋಗಿ ಬರುವುದು ದೊಡ್ಡ ಕೆಲಸವೇನೂ ಅಲ್ಲ, ಅಂಗಡಿ ಬಿಟ್ಟು ಹೋಗಿಲ್ಲ ಅಷ್ಟೆ.

ಹರಿಹರಪುರದಿಂದ ಶೃಂಗೇರಿಯವರೆಗಿನ ದಾರಿಯನ್ನು ನಾನು ಷಡಕ್ಷರಿಗೆ ಬಾಕಿ ಉಳಿಸಿಕೊಂಡಿದ್ದೇನೆ.